ಪಿ0733 ಬಂದಾಗ: ಗೇರ್‌ಬಾಕ್ಸ್ ಬಿಚ್ಚುವ ಮೊದಲು ಮಾಡಬೇಕಾದ ಲೆಕ್ಕ

“ಇಂಜಿನ್ ಕೂಗತದ, ಗಾಡಿ ಮುಂದ ಹೋಗವಲ್ದು ರೀ” ಎಂದು ಕಲಬುರಗಿಯ ಗ್ಯಾರೇಜಿಗೆ ಬಂದ ಆಟೊಮ್ಯಾಟಿಕ್ ಕಾರಿಗೆ ಸ್ಕ್ಯಾನರ್ ಹಚ್ಚಿದರೆ ಪಿ0733 ಎಂಬ ದೋಷದ ಕೋಡ್ ಮೂಡಬಹುದು. ಮೂರನೇ ಗೇರಿನಲ್ಲಿ ಅನುಪಾತ ತಪ್ಪಿದೆ ಎಂದಷ್ಟೇ ಇದರ ಅರ್ಥ. ಪಿ0731ರಿಂದ ಪಿ0735ರವರೆಗಿನ ಕೋಡುಗಳು ಒಂದರಿಂದ ಐದನೇ ಗೇರಿನವು, ಪಿ0736 ರಿವರ್ಸಿನದು. ಆರನೆಯದಕ್ಕೆ ಮಾತ್ರ, ಏನೋ ವಿಚಿತ್ರ, ಪಿ0729. ಯಾವ ಬಿಡಿಭಾಗ ಕೆಟ್ಟಿದೆ ಎಂದು ಇವುಗಳಲ್ಲಿ ಒಂದೂ ಹೇಳುವುದಿಲ್ಲ. ಆದರೂ ಕೋಡ್ ಕಂಡ ಕೂಡಲೇ “ಬಾಕ್ಸ್ ಹೋಗ್ಯದ” ಎಂದು ಲಕ್ಷದ ಲೆಕ್ಕ ಕೊಡುವವರಿದ್ದಾರೆ. ಅದಕ್ಕೂ ಮೊದಲು ಒಂದು ಭಾಗಾಕಾರ ಮಾಡಬೇಕು.

ಇಂಜಿನ್ನಿನ ಶಕ್ತಿಯನ್ನು ಎಣ್ಣೆಯ ಮೂಲಕ ಬಾಕ್ಸಿಗೆ ದಾಟಿಸುವ ಟಾರ್ಕ್ ಕನ್ವರ್ಟರ್ ದಾಟಿ ಬಾಕ್ಸಿನೊಳಗೆ ಬರುವ ಶಾಫ್ಟಿಗೆ ಒಂದು ವೇಗದ ಸೆನ್ಸರ್, ಹೊರಹೋಗುವ ಶಾಫ್ಟಿಗೆ ಇನ್ನೊಂದು. ಒಳಬರುವ ವೇಗವನ್ನು ಹೊರಹೋಗುವ ವೇಗದಿಂದ ಭಾಗಿಸಿದರೆ ಗೇರ್ ಅನುಪಾತ. ಗೇರ್‌ಬಾಕ್ಸಿನ ಕಂಪ್ಯೂಟರ್ ಇದನ್ನೇ ಸತತವಾಗಿ ಮಾಡುತ್ತ, ಉತ್ತರ ತನ್ನ ನೆನಪಿನಲ್ಲಿರುವ ಅಂಕಿಗೆ ಹೊಂದದಿದ್ದರೆ ಕೋಡ್ ಬರೆದಿಡುತ್ತದೆ. ಟೈರ್ ಬದಲಿಸಿದ್ದಕ್ಕೇ ಕೋಡ್ ಬಂತು ಎನ್ನುವವರೂ ಸಿಗುತ್ತಾರೆ. ಎರಡೂ ಸೆನ್ಸರ್ ಬಾಕ್ಸಿನ ಮೇಲೇ ಇದ್ದರೆ ಟೈರಿಗೂ ಈ ಲೆಕ್ಕಕ್ಕೂ ಸಂಬಂಧವಿಲ್ಲ.

ಜರ್ಮನಿಯ ಝಡ್‌ಎಫ್ ಕಂಪನಿಯ 6ಎಚ್‌ಪಿ ಮಾದರಿಯ ಆರು ಗೇರಿನ ಬಾಕ್ಸ್ ತೆಗೆದುಕೊಳ್ಳೋಣ. ಅನುಪಾತಗಳು ಸುಮಾರು 4.17, 2.34, 1.52, 1.14, 0.87, 0.69. ಸ್ಕ್ಯಾನರಿನ ಲೈವ್ ಡೇಟಾದಲ್ಲಿ ಕಂಪ್ಯೂಟರ್ ಕೇಳಿದ ಗೇರ್, ಟರ್ಬೈನ್ ವೇಗ (ಒಳಬರುವ ಶಾಫ್ಟಿನದು), ಔಟ್‌ಪುಟ್ ವೇಗ (ಹೊರಹೋಗುವ ಶಾಫ್ಟಿನದು), ಇಂಜಿನ್ ಆರ್‌ಪಿಎಂ ನಾಲ್ಕನ್ನೂ ಒಟ್ಟಿಗೆ ರೆಕಾರ್ಡ್ ಮಾಡಿ, ಹುಮನಾಬಾದ್ ರಸ್ತೆಯಂಥ ನೇರ ದಾರಿಯಲ್ಲಿ ಆಕ್ಸಲರೇಟರ್ ಒಂದೇ ಸಮ ಹಿಡಿದು ಓಡಿಸಿ. ಗೇರ್ ಬದಲಾಗುವ ಕ್ಷಣದ ಅಂಕಿ ಬಿಡಿ, ಬದಲಾದ ಮೇಲಿನದನ್ನು ನೋಡಿ. ಔಟ್‌ಪುಟ್ 1200 ಇದ್ದಾಗ ಮೂರನೇ ಗೇರಿನಲ್ಲಿ ಟರ್ಬೈನ್ 1824ರ ಆಸುಪಾಸು ಇರಬೇಕು.

ಅದು 2808 ತೋರಿಸಿದರೆ? ಭಾಗಿಸಿದರೆ 2.34, ಅಂದರೆ ಎರಡನೇ ಗೇರು. ಮೂರನೆಯದನ್ನು ಕೇಳಿದರೂ ಬಾಕ್ಸ್ ಎರಡರಲ್ಲೇ ಗಟ್ಟಿಯಾಗಿ ಕೂತಿದೆ. ಏನೂ ಜಾರುತ್ತಿಲ್ಲ. ಇಲ್ಲಿ ಅನುಮಾನ ಹೋಗಬೇಕಾದ್ದು ಎಣ್ಣೆಯ ಹರಿವನ್ನು ವಿದ್ಯುತ್ತಿನಿಂದ ನಿಯಂತ್ರಿಸುವ ಸೊಲೆನಾಯ್ಡಿನ ಮೇಲೆ, ಇಲ್ಲವೇ ಎಣ್ಣೆಯನ್ನು ಕ್ಲಚ್ಚುಗಳಿಗೆ ಹಂಚುವ ವಾಲ್ವ್ ಬಾಡಿಯಲ್ಲಿ ಸಿಕ್ಕಿಕೊಂಡ ವಾಲ್ವಿನ ಮೇಲೆ. ಟರ್ಬೈನ್ 2100 ಇದ್ದರೆ ಉತ್ತರ 1.75, ಅದು ಯಾವ ಗೇರಿನದೂ ಅಲ್ಲ. ಕ್ಲಚ್ ಜಾರುತ್ತಿದೆ. ಇಂಜಿನ್ ಆರ್‌ಪಿಎಂ ಸ್ಥಿರವಾಗಿದ್ದೂ ಟರ್ಬೈನ್ ಅಂಕಿಯೊಂದೇ 600ಕ್ಕೆ ಬಿದ್ದು 2500ಕ್ಕೆ ಹಾರುತ್ತಿದ್ದರೆ ಮಾತ್ರ ಸೆನ್ಸರ್, ಅದರ ವೈರು, ಕನೆಕ್ಟರ್ ನೋಡಿ. ಜೊತೆಗೆ ಪಿ0715 (ಟರ್ಬೈನ್ ಸೆನ್ಸರಿನ ಕೋಡ್) ಅಥವಾ ಪಿ0720 (ಔಟ್‌ಪುಟ್ ಸೆನ್ಸರಿನದು) ಇದ್ದರೆ ಮೊದಲು ಅದನ್ನೇ ಬಗೆಹರಿಸಿ.

ಜಾರುತ್ತಿರುವ ಕ್ಲಚ್ ಯಾವುದು ಎಂಬುದಕ್ಕೆ ಉಳಿದ ಕೋಡುಗಳೇ ಸಾಕ್ಷಿ. ಈ ಬಾಕ್ಸಿನಲ್ಲಿ ಪ್ರತಿ ಗೇರಿಗೂ ಎರಡೆರಡು ಕ್ಲಚ್ ಅಥವಾ ಬಾಕ್ಸಿನೊಳಗಿನ ಬ್ರೇಕ್ ಹಿಡಿಯುತ್ತವೆ, ಇವುಗಳ ಹೆಸರು ಎ, ಬಿ, ಸಿ, ಡಿ, ಇ: ಮೂರಕ್ಕೆ ಎ ಮತ್ತು ಬಿ, ಐದಕ್ಕೆ ಬಿ ಮತ್ತು ಇ, ರಿವರ್ಸಿಗೆ ಬಿ ಮತ್ತು ಡಿ. ಪಿ0733, ಪಿ0735, ಪಿ0736 ಮೂರೂ ಒಟ್ಟಿಗೆ ಬಂದರೆ ಮೂರಕ್ಕೂ ಸಮಾನವಾದದ್ದು ಬಿ ಕ್ಲಚ್. ನಾಲ್ಕು, ಐದು, ಆರು ಕೆಟ್ಟರೆ ಇ. ಎಲ್ಲ ಗೇರೂ ಜಾರಿದರೆ ಎಲ್ಲ ಕ್ಲಚ್ಚೂ ಒಂದೇ ಸಲ ಸವೆಯುವುದು ಅಪರೂಪ. ಎಣ್ಣೆ ಕಡಿಮೆ, ಫಿಲ್ಟರ್ ಕಟ್ಟಿದೆ, ಇಲ್ಲವೇ ಪಂಪಿನ ಒತ್ತಡ ಬಿದ್ದಿದೆ.

ಎಣ್ಣೆಯ ಮಟ್ಟ ನೋಡುವುದರಲ್ಲಿ ನಮ್ಮ ಭಾಗದ ಬಿಸಿಲು ಮೋಸ ಮಾಡುತ್ತದೆ. ಡಿಪ್‌ಸ್ಟಿಕ್ ಇಲ್ಲದ ಬಾಕ್ಸಿನಲ್ಲಿ ಇಂಜಿನ್ ಚಾಲೂ ಇಟ್ಟು, ಎಣ್ಣೆ ನಿಗದಿತ ಉಷ್ಣತೆಯಲ್ಲಿರುವಾಗ ಪ್ಲಗ್ ಬಿಚ್ಚಿ, ಹೆಚ್ಚಾದದ್ದು ಸಣ್ಣ ಧಾರೆಯಾಗಿ ಹೊರಬರುವುದನ್ನು ನೋಡಬೇಕು. ಹಲವು ಬಾಕ್ಸುಗಳಲ್ಲಿ ಆ ಉಷ್ಣತೆ 35–45 ಡಿಗ್ರಿ ಸೆಲ್ಸಿಯಸ್ ಆಸುಪಾಸು. ನಿಮ್ಮ ಗಾಡಿಯದನ್ನು ಕೈಪಿಡಿಯಲ್ಲೇ ನೋಡಿಕೊಳ್ಳಿ. ಮೇ ತಿಂಗಳಲ್ಲಿ ಗಾಳಿಯೇ 42–43 ಇರುವ ಊರಿನಲ್ಲಿ ಓಡಿ ಬಂದ ಗಾಡಿಯನ್ನು ಮಧ್ಯಾಹ್ನ ಹಾಗೇ ನೋಡಿದರೆ, ಹಿಗ್ಗಿದ ಎಣ್ಣೆ ಬೇಕಾದ್ದಕ್ಕಿಂತ ಹೆಚ್ಚು ಹರಿದುಹೋಗಿ ಬಾಕ್ಸ್ ಬಡವಾಗುತ್ತದೆ, ಆಮೇಲೆ ಪಂಪ್ ಗಾಳಿ ಎಳೆಯುತ್ತದೆ. ರಾತ್ರಿಯೆಲ್ಲ ನಿಲ್ಲಿಸಿ ಬೆಳಿಗ್ಗೆ ಆರಕ್ಕೆ ನೋಡುವುದೇ ಸರಿ. ಶಹಾಬಾದ್, ಸೇಡಂ ಕಡೆ ಓಡುವ ಗಾಡಿಯಾದರೆ ಆಯಿಲ್ ಕೂಲರಿನ ಜಾಲರಿಯಲ್ಲಿ ಕಲ್ಲಿನ ಧೂಳು ತುಂಬಿದೆಯೇ ಅದನ್ನೂ ಪರೀಕ್ಷಿಸಿ. ಕೆಂಪಗಿದೆ ಎಂದು ಸಿಕ್ಕ ಎಣ್ಣೆ ಸುರಿಯಬೇಡಿ. ಕ್ಲಚ್ ಹಿಡಿತ ಎಣ್ಣೆಗೆ ಬೆರೆಸಿದ ರಾಸಾಯನಿಕಗಳ ಮೇಲೆ ನಿಂತಿದೆ, ಬಣ್ಣದ ಮೇಲಲ್ಲ.

ಸೊಲೆನಾಯ್ಡನ್ನು ಮಲ್ಟಿಮೀಟರಿನಲ್ಲಿ ಅಳೆಯುವಾಗಲೂ ಇದೇ ಬಿಸಿಲು ಅಡ್ಡ ಬರುತ್ತದೆ. ಕೈಪಿಡಿಯ ಓಮ್ ಅಂಕಿ ಸಾಮಾನ್ಯವಾಗಿ 20 ಡಿಗ್ರಿಯದು. ತಾಮ್ರದ ಪ್ರತಿರೋಧ ಡಿಗ್ರಿಗೆ ಸುಮಾರು 0.39 ಶೇಕಡಾ ಏರುವುದರಿಂದ 20 ಡಿಗ್ರಿಯಲ್ಲಿ 5.3 ಓಮ್ ಇರುವ ಸುರುಳಿ 45ರಲ್ಲಿ 5.8 ತೋರಿಸುತ್ತದೆ. ಅದು ದೋಷವಲ್ಲ.

ಬಾಕ್ಸಿನ ಅಡಿಯ ಎಣ್ಣೆಯ ಪ್ಯಾನ್ ಇಳಿಸಿದಾಗ ಅದರಲ್ಲಿನ ಅಯಸ್ಕಾಂತದ ಮೇಲೆ ನುಣ್ಣನೆಯ ಬೂದು ಕೆಸರಿದ್ದರೆ ಸಹಜ ಸವೆತ. ಲೋಹದ ಚೂರು, ಸುಟ್ಟ ವಾಸನೆಯ ಕಪ್ಪು ಎಣ್ಣೆ ಸಿಕ್ಕು, ಒತ್ತಡದ ಗೇಜ್ ಕೂಡ ಕಡಿಮೆ ತೋರಿಸಿದಾಗಲೇ ಬಾಕ್ಸ್ ಕೆಳಗಿಳಿಸುವ ಮಾತು. ಕೋಡ್ ಅಳಿಸುವ ಮುನ್ನ ಫ್ರೀಜ್ ಫ್ರೇಮ್ ಬರೆದಿಟ್ಟುಕೊಳ್ಳಿ: ದೋಷ ಕಂಡಾಗಿನ ವೇಗ, ಉಷ್ಣತೆ, ಹೊರೆ ಅದರಲ್ಲಿರುತ್ತವೆ. ರಿಪೇರಿಯ ನಂತರ ಸ್ಕ್ಯಾನರಿನಿಂದ ಅಡಾಪ್ಟೇಷನ್ (ಕಂಪ್ಯೂಟರ್ ಹಳೆಯ ಸವೆತಕ್ಕೆ ತಕ್ಕಂತೆ ಕಲಿತ ಹೊಂದಾಣಿಕೆ) ರೀಸೆಟ್ ಮಾಡಿ, ಅದೇ ವೇಗ, ಅದೇ ಉಷ್ಣತೆಯಲ್ಲಿ ಮತ್ತೆ ಓಡಿಸಿ ಮತ್ತೊಮ್ಮೆ ಭಾಗಿಸಿ ನೋಡಿ.