ಬ್ಯಾಕ್ ಟೇಕ್ ಕಲಿಯುವುದಿದ್ದರೆ ಕೊನೆಯಿಂದ ಶುರು ಮಾಡಿ

ಬ್ರೆಜಿಲಿಯನ್ ಜಿಯು-ಜಿಟ್ಸು, ಅಂದರೆ ಬಿಜೆಜೆ ಕಲಿಯಲು ಸೇರಿದ ಬಹಳಷ್ಟು ಜನ ಎದುರಾಳಿಯ ಬೆನ್ನಿಗೆ ಹೋಗುವ ದಾರಿಗಳನ್ನು, ಅಂದರೆ ಬ್ಯಾಕ್ ಟೇಕ್‌ಗಳನ್ನು, ಒಂದೊಂದಾಗಿ ಗುಡ್ಡೆ ಹಾಕಿಕೊಳ್ಳುತ್ತಾ ಹೋಗುತ್ತಾರೆ. ಎದುರಾಳಿಯ ಕೈ ಎಳೆಯುವ ಆರ್ಮ್ ಡ್ರ್ಯಾಗ್‌ನಿಂದ ಒಂದು, ಅವನ ಒಂದು ಕಾಲನ್ನು ನಮ್ಮ ಕಾಲುಗಳ ನಡುವೆ ಸಿಕ್ಕಿಸಿಕೊಳ್ಳುವ ಹಾಫ್ ಗಾರ್ಡ್‌ನಿಂದ ಒಂದು, ಅವನು ಮಂಡಿ, ಮೊಣಕೈ ಊರಿ ಮುದುಡಿ ಕೂರುವ ಟರ್ಟಲ್‌ನಿಂದ ಒಂದೆರಡು, ಆಮೇಲೆ ಮೊಬೈಲ್‌ನಲ್ಲಿ ನೋಡಿ ಆಸೆಪಟ್ಟ, ತಲೆಕೆಳಗಾಗಿ ಉರುಳುವ ಬೆರಿಂಬೋಲೊ. ದಾರಿ ಗೊತ್ತಿರುತ್ತದೆ, ಕಷ್ಟಪಟ್ಟು ತಲುಪುತ್ತಾರೆ ಕೂಡ. ಆದರೆ ನಾಲ್ಕೈದು ಸೆಕೆಂಡಿನಲ್ಲಿ ಜಾರಿ ಕೆಳಗೆ ಬಿದ್ದಿರುತ್ತಾರೆ, ಎದುರಾಳಿ ಮೇಲೆ ಕೂತಿರುತ್ತಾನೆ. ನನ್ನ ಪ್ರಕಾರ ತೊಂದರೆ ಇರುವುದು ಕಲಿಕೆಯ ಕ್ರಮದಲ್ಲಿ. ಬೆನ್ನಿನ ಆಟವನ್ನು ಕೊನೆಯಿಂದ ಮೊದಲಿಗೆ ಕಲಿಯಬೇಕು. ಮೊದಲು ಅಲ್ಲಿ ಉಳಿಯುವುದು, ಆಮೇಲೆ ಹತ್ತುವುದು, ಆಮೇಲೆ ದೂರದಿಂದ ಬರುವ ದಾರಿ. ಇದು ನನ್ನೊಬ್ಬನ ಇಷ್ಟಾನಿಷ್ಟದ ಮಾತಲ್ಲ. ಕಾರಣ ನಮ್ಮ ಮೈಯ ರಚನೆಯಲ್ಲೂ ಇದೆ, ಮಿದುಳು ಚಲನೆಯನ್ನು ಕಲಿಯುವ ರೀತಿಯಲ್ಲೂ ಇದೆ.

ಈ ಆಟದ ಪರಿಚಯ ಇಲ್ಲದವರಿಗೆ ಎರಡು ಮಾತು. ಜಪಾನಿನ ಜೂಡೊ ಪಟು ಮಿತ್ಸುಯೊ ಮಾಯೆದಾ 1914ರಲ್ಲಿ ಬ್ರೆಜಿಲ್‌ಗೆ ಬಂದರು. ಬೆಲೆಂ ಊರಿನಲ್ಲಿ ಅವರಿಂದ ಕಲಿತವರಲ್ಲಿ ಕಾರ್ಲೋಸ್ ಗ್ರೇಸಿ ಒಬ್ಬರು. ಗ್ರೇಸಿ ಕುಟುಂಬ ಆ ವಿದ್ಯೆಯಲ್ಲಿ ನೆಲದ ಮೇಲಿನ ಹಿಡಿತಗಳನ್ನೇ ಹೆಚ್ಚು ಬೆಳೆಸಿತು. ಇಲ್ಲಿ ಹೊಡೆತ ಇಲ್ಲ. ಕೀಲನ್ನು ತಿರುಚಿ ಅಥವಾ ಕತ್ತನ್ನು ಒತ್ತಿ ಎದುರಾಳಿ ಕೈ ತಟ್ಟಿ ಸೋಲೊಪ್ಪುವ ಹಾಗೆ ಮಾಡಬೇಕು. ಅದನ್ನೇ ಟ್ಯಾಪ್ ಅನ್ನುತ್ತಾರೆ. ಟ್ಯಾಪ್ ಬರದಿದ್ದರೆ ಅಂಕಗಳ ಲೆಕ್ಕ. ಈ ಆಟದ ಅಂತರರಾಷ್ಟ್ರೀಯ ಸಂಸ್ಥೆ ಐಬಿಜೆಜೆಎಫ್‌ನ ನಿಯಮದಲ್ಲಿ ಎದುರಾಳಿಯ ಬೆನ್ನಿಗೆ ಅಂಟಿಕೊಂಡು, ಎರಡೂ ಹಿಮ್ಮಡಿಗಳನ್ನು ಅವನ ತೊಡೆಗಳ ಒಳಗೆ ಹಾಕಿ, 3 ಸೆಕೆಂಡು ನಿಂತರೆ 4 ಅಂಕ. ಹೊಟ್ಟೆ ಮೇಲೆ ಕೂರುವ ಮೌಂಟ್‌ಗೂ 4. ಬೇರೆ ಬೇರೆ ಕುಸ್ತಿಯವರೂ ಬರುವ ಎಡಿಸಿಸಿ ಎಂಬ ಸ್ಪರ್ಧೆಯಲ್ಲಂತೂ ಮೌಂಟ್‌ಗೆ 2 ಅಂಕ, ಬೆನ್ನಿಗೆ 3.

ಬೆನ್ನಿಗೆ ಇಷ್ಟು ಬೆಲೆ ಯಾಕೆ? ಮನುಷ್ಯನ ಮೈ ಪೂರ್ತಿ ಮುಂದಕ್ಕೆ ಕೆಲಸ ಮಾಡಲು ಆಗಿರುವಂಥದ್ದು. ಎರಡೂ ಕಣ್ಣು ಮುಂದಿವೆ. ಅಕ್ಕಪಕ್ಕ ಸೇರಿಸಿ ಸುಮಾರು 200 ಡಿಗ್ರಿ ಕಾಣುತ್ತದೆ, ಹಿಂದಿನದ್ದು ಏನೂ ಇಲ್ಲ. ಕತ್ತು ಒಂದು ಕಡೆಗೆ ಸುಮಾರು 80 ಡಿಗ್ರಿ ತಿರುಗುತ್ತದೆ, ಆದರೆ ಪಕ್ಕದಲ್ಲಿ ಯಾರದೋ ತಲೆ ಒತ್ತಿ ಹಿಡಿದಿದ್ದರೆ ಅದೂ ಇಲ್ಲ. ಭುಜದ ಕೀಲನ್ನು ನೋಡಿ. ಕೈ ಮುಂದಕ್ಕೆ ಎತ್ತಿದರೆ ತಲೆ ಮೇಲೆ ಹೋಗುತ್ತದೆ, ಹಿಂದಕ್ಕೆ ಚಾಚಿದರೆ ಸ್ವಲ್ಪ ದೂರಕ್ಕೇ ನಿಂತುಬಿಡುತ್ತದೆ, ಆ ಸ್ವಲ್ಪದಲ್ಲೂ ಬಲ ಇರುವುದಿಲ್ಲ. ಎಳೆಯುವ, ತಳ್ಳುವ, ಅಪ್ಪುವ ಸ್ನಾಯುಗಳೆಲ್ಲ ಎದೆಯ ಮುಂದಿನ ಜಾಗಕ್ಕೇ ಹೊಂದಿಕೊಂಡಿವೆ. ಹಾಗಾಗಿ ಬೆನ್ನಿನ ಹಿಂದೆ ಇರುವವನಿಗೆ ಎರಡು ಕೈ, ಎರಡು ಕಾಲು, ಪೂರ್ತಿ ಬಲ. ಮುಂದೆ ಇರುವವನಿಗೆ ತನ್ನ ಕತ್ತಿನ ಹತ್ತಿರ ಬಂದ ಕೈಯನ್ನು ಹಿಡಿದುಕೊಳ್ಳುವುದು ಬಿಟ್ಟರೆ ಮಾಡಲು ಜಾಸ್ತಿ ಏನೂ ಇಲ್ಲ. ಇಬ್ಬರ ನಡುವೆ 20 ಕಿಲೋ ವ್ಯತ್ಯಾಸ ಇದ್ದರೂ ಈ ಲೆಕ್ಕ ಅಷ್ಟು ಸುಲಭವಾಗಿ ಬದಲಾಗುವುದಿಲ್ಲ.

ಇನ್ನು ಚೋಕ್, ಅಂದರೆ ಕತ್ತು ಒತ್ತುವ ಪಟ್ಟು. ಬಹಳ ಜನ ಇದನ್ನು ಉಸಿರು ಕಟ್ಟಿಸುವುದು ಅಂದುಕೊಂಡಿದ್ದಾರೆ. ಬೆನ್ನಿನಿಂದ ಹಾಕುವ ರಿಯರ್ ನೇಕೆಡ್ ಚೋಕ್ ಸರಿಯಾಗಿ ಬಿದ್ದರೆ ಶ್ವಾಸನಾಳದ ಮೇಲೆ ಒತ್ತಡವೇ ಬೀಳುವುದಿಲ್ಲ. ಗಂಟಲಿನ ಗುಬುಟು ಮೊಣಕೈಯ ಮಡಿಕೆಯಲ್ಲಿ ಕೂರುತ್ತದೆ. ಒಂದು ಕಡೆ ತೋಳಿನ ಸ್ನಾಯು, ಇನ್ನೊಂದು ಕಡೆ ಮುಂಗೈ, ಇವೆರಡು ಕತ್ತಿನ ಅಕ್ಕಪಕ್ಕದ ಕೆರೋಟಿಡ್ ರಕ್ತನಾಳಗಳನ್ನು ಒತ್ತುತ್ತವೆ. ಮಿದುಳಿಗೆ ಹೋಗುವ ರಕ್ತದ ಬಹುಪಾಲು ಇವುಗಳಲ್ಲೇ ಹರಿಯುವುದು. ಕತ್ತಿನ ಮೂಳೆಗಳೊಳಗೆ ಹಾದುಹೋಗುವ ಇನ್ನೆರಡು ನಾಳಗಳಿವೆ, ಆದರೆ ಅವಷ್ಟರಿಂದಲೇ ಸಾಲುವುದಿಲ್ಲ. ಮಿದುಳಿನ ತೂಕ ಮೈತೂಕದಲ್ಲಿ ಶೇ. 2ರಷ್ಟು, ಅದು ಬಳಸುವ ಆಮ್ಲಜನಕ ಮಾತ್ರ ಶೇ. 20ರಷ್ಟು. ಕೂಡಿಟ್ಟುಕೊಳ್ಳುವ ವ್ಯವಸ್ಥೆ ಅದಕ್ಕೆ ಇಲ್ಲವೇ ಇಲ್ಲ ಅನ್ನಬಹುದು. 1943ರಲ್ಲಿ ಅಮೆರಿಕದ ರೋಸನ್, ಕಬಾಟ್ ಮತ್ತು ಆಂಡರ್ಸನ್ ಎಂಬ ಸಂಶೋಧಕರು ಕತ್ತಿಗೆ ಗಾಳಿ ತುಂಬುವ ಪಟ್ಟಿ ಕಟ್ಟಿ ಮಿದುಳಿನ ರಕ್ತ ನಿಲ್ಲಿಸಿ ನೋಡಿದರು. ಎಚ್ಚರ ತಪ್ಪಲು ಬೇಕಾದದ್ದು ಸರಾಸರಿ 6ರಿಂದ 7 ಸೆಕೆಂಡು. ಇಂಥ ಪ್ರಯೋಗಕ್ಕೆ ಇವತ್ತು ಯಾವ ನೀತಿ ಸಮಿತಿಯೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ಆದರೆ ಆ ಅಂಕಿ ಮ್ಯಾಟ್ ಮೇಲೆ ಇರುವ ಎಲ್ಲರಿಗೂ ಗೊತ್ತಿರಬೇಕು. ಟ್ಯಾಪ್ ಮಾಡಲು ಯೋಚಿಸುತ್ತಾ ಕೂರುವಷ್ಟು ಸಮಯ ಅಲ್ಲಿಲ್ಲ. ಜೊತೆಗಾರ ತಟ್ಟಿದ ತಕ್ಷಣ ಬಿಡಬೇಕು. ಅಪರೂಪಕ್ಕೆ ಕೆರೋಟಿಡ್ ನಾಳದ ಒಳಪದರ ಹರಿಯುವುದೂ ಉಂಟು. ಚೋಕ್ ಆದಮೇಲೆ ಕತ್ತು ನೋವು, ತಲೆನೋವು, ಕಣ್ಣು ಮಂಜಾಗುವುದು, ಮುಖದ ಒಂದು ಪಕ್ಕ ಜೋಮು ಹಿಡಿಯುವುದು ಏನಾದರೂ ಕಂಡರೆ ಮನೆಮದ್ದು ಬೇಡ, ಸೀದಾ ಆಸ್ಪತ್ರೆಗೆ ಹೋಗಿ.

1993ರ ನವೆಂಬರ್ 12ರಂದು ಅಮೆರಿಕದ ಡೆನ್ವರ್‌ನಲ್ಲಿ ನಡೆದ, ಬೇರೆ ಬೇರೆ ಕಾದಾಟದ ವಿದ್ಯೆಯವರು ಸೆಣಸುವ ಯುಎಫ್‌ಸಿ ಸ್ಪರ್ಧೆಯ ಮೊದಲ ಫೈನಲ್‌ನಲ್ಲಿ ರಾಯ್ಸ್ ಗ್ರೇಸಿ ಗೆದ್ದದ್ದು ಇದೇ ಚೋಕ್‌ನಿಂದ.

ಈಗ ಮುಖ್ಯವಾದ ಭಾಗಕ್ಕೆ ಬರೋಣ, ಬೆನ್ನಿನಲ್ಲಿ ಉಳಿಯುವುದು. ಹೊಸಬರು ಹುಕ್‌ಗಳ, ಅಂದರೆ ಎದುರಾಳಿಯ ತೊಡೆಗಳ ಒಳಗೆ ಹಾಕುವ ಹಿಮ್ಮಡಿಗಳ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ, ಅಂಕ ಕೊಡುವುದು ಹುಕ್‌ಗೇ ಅಲ್ವಾ. ಆದರೆ ನಿಜವಾಗಿ ಹಿಡಿದಿಡುವುದು ಸೀಟ್‌ಬೆಲ್ಟ್. ಒಂದು ಕೈ ಎದುರಾಳಿಯ ಭುಜದ ಮೇಲಿನಿಂದ, ಇನ್ನೊಂದು ಕಂಕುಳ ಕೆಳಗಿನಿಂದ, ಎರಡೂ ಅವನ ಎದೆಯ ಮೇಲೆ ಕೂಡಬೇಕು. ಶಾಲೆಯ ಬ್ಯಾಗಿನ ಪಟ್ಟಿ ಬಿಗಿಯಾಗಿದ್ದರೆ ಮಗು ಎಷ್ಟು ಕುಣಿದರೂ ಬ್ಯಾಗು ಬೆನ್ನಿನ ಜೊತೆಯೇ ತಿರುಗುತ್ತದೆ, ಸಡಿಲವಾಗಿದ್ದರೆ ಪಕ್ಕಕ್ಕೆ ಜೋಲಿ ಹೊಡೆಯುತ್ತದೆ. ಇಲ್ಲಿ ನೀವೇ ಆ ಬ್ಯಾಗು. ಎರಡೂ ಕೈ ಭುಜದ ಮೇಲಿದ್ದರೆ ಅವನು ಕೆಳಕ್ಕೆ ಜಾರುತ್ತಾನೆ, ಎರಡೂ ಕಂಕುಳ ಕೆಳಗಿದ್ದರೆ ಕತ್ತು ಸಿಗುವುದಿಲ್ಲ. ಓರೆಯಾಗಿ ಹಿಡಿದರೆ ಮೇಲಕ್ಕೂ ಹೋಗಲಾರ, ಕೆಳಕ್ಕೂ ಜಾರಲಾರ.

ಎದುರಾಳಿ ತಪ್ಪಿಸಿಕೊಳ್ಳಬೇಕಾದರೆ ನಿಮ್ಮ ಕಡೆ ತಿರುಗಬೇಕು, ತಿರುಗಲು ಅವನ ಭುಜವೂ ಸೊಂಟವೂ ನಿಮ್ಮ ಮೈಗಿಂತ ಬೇರೆಯಾಗಿ ಚಲಿಸಬೇಕು. ಸೀಟ್‌ಬೆಲ್ಟ್ ಭುಜವನ್ನು ನಿಮ್ಮ ಎದೆಗೆ ಕಟ್ಟುತ್ತದೆ, ಹುಕ್ ಸೊಂಟವನ್ನು ನಿಮ್ಮ ಸೊಂಟಕ್ಕೆ ಕಟ್ಟುತ್ತದೆ. ಎರಡೂ ಇದ್ದಾಗ ಅವನು ಎಷ್ಟು ಉರುಳಿದರೂ ನೀವೂ ಅಷ್ಟೇ ಉರುಳುತ್ತೀರಿ, ಇಬ್ಬರ ನಡುವಿನ ಕೋನ ಬದಲಾಗುವುದೇ ಇಲ್ಲ. ಪಕ್ಕಕ್ಕೆ ಬಿದ್ದಾಗ ಭುಜದ ಮೇಲಿನ ಕೈ ಯಾವ ಕಡೆಯದೋ ಆ ಕಡೆಗೇ ಬೀಳುವುದು ಒಳ್ಳೆಯದು. ಅವನಿಗೆ ಹೊರಹೋಗುವ ದಾರಿ ಇರುವುದು ಕಂಕುಳ ಕೈಯ ಕಡೆ. ಆ ಕಡೆಗೆ ಭುಜಗಳನ್ನು ನೆಲಕ್ಕೆ ಮುಟ್ಟಿಸಿದರೆ ಅವನು ಅರ್ಧ ಗೆದ್ದ ಹಾಗೆ. ಒಂದು ಎಚ್ಚರಿಕೆ: ಗಟ್ಟಿಯಾಗಲಿ ಅಂತ ಅವನ ಹೊಟ್ಟೆ ಮುಂದೆ ಪಾದಗಳನ್ನು ಕತ್ತರಿ ಹಾಕಬೇಡಿ. ಅವನು ತನ್ನ ಕಾಲನ್ನು ಅದರ ಮೇಲೆ ಹಾಕಿ ಸೊಂಟ ಎತ್ತಿದರೆ ನಿಮ್ಮ ಕಣಕಾಲೇ ಸಿಕ್ಕಿಬೀಳುತ್ತದೆ.

ಇಷ್ಟೆಲ್ಲ ಹೇಳಿದರೆ ಓದಲು ಸುಲಭ, ಮೈಗೆ ಬರುವುದು ಬೇರೆ ಥರ. ಬೆನ್ನಿನ ಆಟ ಬಹುಪಾಲು ಸ್ಪರ್ಶದ ಆಟ. ಕಣ್ಣಿಂದ ಕಂಡದ್ದಕ್ಕೆ ಕೈ ಆಡಿಸಲು ಸುಮಾರು 200 ಮಿಲಿಸೆಕೆಂಡು ಬೇಕು. ಸ್ನಾಯು ಎಳೆಯಲ್ಪಟ್ಟಾಗ ಬರುವ ಪ್ರತಿಕ್ರಿಯೆಗೆ 100 ಕೂಡ ಬೇಡ. ಇಂಗ್ಲೆಂಡಿನ ಹ್ಯಾಮಂಡ್ ಎಂಬ ಸಂಶೋಧಕ 1956ರಲ್ಲಿ ಒಂದು ಸರಳ ಪರೀಕ್ಷೆ ಮಾಡಿದ್ದರು. ತೋಳನ್ನು ಥಟ್ಟನೆ ಎಳೆಯುವುದು, ಆದರೆ ಎಳೆಯುವ ಮೊದಲೇ ಒಮ್ಮೆ 'ಬಿಡಬೇಡಿ' ಅಂತಲೂ ಇನ್ನೊಮ್ಮೆ 'ಬಿಟ್ಟುಬಿಡಿ' ಅಂತಲೂ ಹೇಳಿರುವುದು. ಬೇಕೆಂದು ಕೈ ಆಡಿಸಲು ಹಿಡಿಯುವ ಸಮಯಕ್ಕಿಂತ ಮೊದಲೇ ಸ್ನಾಯುವಿನ ಪ್ರತಿಕ್ರಿಯೆ ಆ ಸೂಚನೆಗೆ ತಕ್ಕಂತೆ ಬದಲಾಗಿತ್ತು. ನನಗೆ ಇದು ಬಹಳ ದೊಡ್ಡ ವಿಷಯ ಅನ್ನಿಸುತ್ತದೆ. ಎದುರಾಳಿ ಸೊಂಟ ಜಾರಿಸಿದಾಗ ಏನು ಮಾಡಬೇಕು ಅಂತ ನೀವು ಆಗ ಯೋಚಿಸಬೇಕಿಲ್ಲ, ಎದೆ ಬಿಡಬಾರದು ಅನ್ನುವ ಒಂದೇ ಉದ್ದೇಶ ಮೈಯಲ್ಲಿ ಮೊದಲೇ ಕೂತಿದ್ದರೆ ಪ್ರತಿಕ್ರಿಯೆ ತಾನಾಗಿ ಅದರ ಕಡೆ ವಾಲುತ್ತದೆ. ಅದು ಕೂರಬೇಕಾದರೆ ಬಿಡಿಸಿಕೊಳ್ಳಲು ನಿಜವಾಗಿ ಒದ್ದಾಡುವ ಜೊತೆಗಾರ ಬೇಕು. ಸುಮ್ನೆ ಮಲಗಿರುವ ಮೈ ಏನೂ ಕಲಿಸುವುದಿಲ್ಲ.

ಹಾಗಾಗಿ ನಾನು ಹೊಸಬರಿಗೆ ಹೇಳುವುದು ಇಷ್ಟೇ. ಹುಕ್ ಎರಡೂ ಒಳಗೆ, ಸೀಟ್‌ಬೆಲ್ಟ್ ಕಟ್ಟಿಯಾಗಿದೆ, ಅಲ್ಲಿಂದಲೇ ಶುರು ಮಾಡಿ. ಕೆಳಗಿನವನ ಕೆಲಸ ಭುಜ ನೆಲಕ್ಕೆ ಮುಟ್ಟಿಸುವುದು, ನಿಮ್ಮ ಕೆಲಸ ಅದಾಗದಂತೆ ನೋಡಿಕೊಳ್ಳುವುದು. ಚೋಕ್ ಬೇಡ. ಅದು ಸ್ವಲ್ಪ ಹಿಡಿತಕ್ಕೆ ಬಂದ ಮೇಲೆ ಒಂದು ಹುಕ್ ತೆಗೆದು ಶುರು ಮಾಡಿ, ಆಮೇಲೆ ಎರಡೂ ತೆಗೆದು ಬರೀ ಸೀಟ್‌ಬೆಲ್ಟ್ ಇಟ್ಟುಕೊಂಡು ಟರ್ಟಲ್‌ನಿಂದ, ಆಮೇಲೆ ಒಂದೇ ಕೈ ಇರುವಾಗ. ದಪ್ಪಗಿರುವವರ ಜೊತೆ, ಉದ್ದ ಕಾಲಿನವರ ಜೊತೆ, ಹಾವಿನಂತೆ ನುಣುಚಿಕೊಳ್ಳುವವರ ಜೊತೆ ಬದಲಿಸಿ ಬದಲಿಸಿ ಮಾಡಿ.

ಬದಲಿಸಿ ಮಾಡುವುದಕ್ಕೆ ಒಳ್ಳೆಯ ಆಧಾರ ಇದೆ. ರಷ್ಯಾದ ನಿಕೊಲಾಯ್ ಬರ್ನ್‌ಸ್ಟೈನ್ 1920ರ ದಶಕದಲ್ಲಿ ಮಾಸ್ಕೋದಲ್ಲಿ ಉಳಿಗೆ ಸುತ್ತಿಗೆಯಿಂದ ಹೊಡೆಯುವ ಕೆಲಸಗಾರರ ಕೀಲುಗಳಿಗೆ ಪುಟ್ಟ ಬಲ್ಬು ಕಟ್ಟಿ ಚಿತ್ರ ತೆಗೆದರು. ನುರಿತ ಕೆಲಸಗಾರ ಪ್ರತಿ ಸಲ ಒಂದೇ ಥರ ಕೈ ಬೀಸುತ್ತಾನೆ ಅಂತ ನಾವು ಅಂದುಕೊಳ್ಳುತ್ತೇವೆ. ಹಾಗಿರಲಿಲ್ಲ. ಭುಜ, ಮೊಣಕೈ, ಮಣಿಕಟ್ಟು ಪ್ರತಿ ಸಲವೂ ಸ್ವಲ್ಪ ಬೇರೆ ದಾರಿ ಹಿಡಿಯುತ್ತಿದ್ದವು, ಸುತ್ತಿಗೆ ಮಾತ್ರ ಬೀಳಬೇಕಾದಲ್ಲೇ ಬೀಳುತ್ತಿತ್ತು. ಪಳಗಿದ ಮೈ ಪ್ರತಿ ಸಲ ಅದೇ ಸಮಸ್ಯೆಯನ್ನು ಹೊಸದಾಗಿ ಬಿಡಿಸುತ್ತದೆ. ಶಿಯಾ ಮತ್ತು ಮಾರ್ಗನ್ 1979ರಲ್ಲಿ ಇನ್ನೊಂದು ಮುಖ ತೋರಿಸಿದರು. ಮೂರು ಕೈಚಲನೆಗಳನ್ನು ಒಂದು ಮುಗಿಸಿ ಇನ್ನೊಂದರಂತೆ ಮಾಡಿದವರು ಅಭ್ಯಾಸದ ಹೊತ್ತಿನಲ್ಲಿ ಮುಂದಿದ್ದರು. ಕಲಸಿಕೊಂಡು ಮಾಡಿದವರು ಆಗ ತಡವರಿಸಿದರು. ಹತ್ತು ದಿನ ಬಿಟ್ಟು ಪರೀಕ್ಷಿಸಿದಾಗ ಕಲಸಿಕೊಂಡು ಮಾಡಿದವರೇ ಚೆನ್ನಾಗಿ ನೆನಪಿಟ್ಟುಕೊಂಡಿದ್ದರು. ಒಂದೇ ಬ್ಯಾಕ್ ಟೇಕ್ ಅನ್ನು ಅಲುಗಾಡದ ಜೊತೆಗಾರನ ಮೇಲೆ ಐವತ್ತು ಸಲ ಮಾಡಿ ಬಂದ ಖುಷಿಯನ್ನು ನಂಬಬೇಡಿ ಅಂತ ನಾನು ಹೇಳುವುದು ಇದಕ್ಕೇ. ಅಂಥ ಅಭ್ಯಾಸ ಪೂರ್ತಿ ವ್ಯರ್ಥ ಅಂತಲ್ಲ, ಮೊದಲ ದಿನ ಕೈಕಾಲು ಎಲ್ಲಿಡಬೇಕು ಅಂತ ತಿಳಿಯಲು ಬೇಕು. ಆಮೇಲೆ ಅದರಲ್ಲೇ ಕೂರಬಾರದು.

ಹತ್ತುವ ಹಂತಕ್ಕೆ ಬಂದಾಗ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಬೆನ್ನನ್ನು ನೀವು ಕಿತ್ತುಕೊಳ್ಳುವುದು ಕಡಿಮೆ, ಎದುರಾಳಿಯೇ ಕೊಡುವುದು ಜಾಸ್ತಿ. ಮೌಂಟ್‌ನಿಂದ ತಪ್ಪಿಸಿಕೊಳ್ಳಲು ಪಕ್ಕಕ್ಕೆ ಹೊರಳುತ್ತಾನೆ, ಪಕ್ಕದಿಂದ ಎದೆ ಒತ್ತಿ ಹಿಡಿಯುವ ಸೈಡ್ ಕಂಟ್ರೋಲ್‌ನಿಂದ ಏಳಲು ಮಂಡಿ ಊರುತ್ತಾನೆ, ನೀವು ಅವನ ಗಾರ್ಡ್, ಅಂದರೆ ಕಾಲುಗಳ ತಡೆ, ದಾಟುವಾಗ ನಿಮ್ಮನ್ನು ನಿಲ್ಲಿಸಲು ಟರ್ಟಲ್ ಆಗುತ್ತಾನೆ. ಪ್ರತಿ ಸಲ ಇನ್ನೊಂದು ಕೆಟ್ಟ ಜಾಗ ತಪ್ಪಿಸಲು ಹೋಗಿ ಬೆನ್ನು ತಿರುಗಿಸುತ್ತಾನೆ. ಅವನು ಬೇರೆ ಕುಸ್ತಿಯಿಂದ ಬಂದಿದ್ದರೆ ಇದು ಇನ್ನೂ ಹೆಚ್ಚು. ನಮ್ಮ ದಸರಾ ನಾಡಕುಸ್ತಿಯಲ್ಲಿ ಬೆನ್ನು ನೆಲಕ್ಕೆ ತಾಗಿದರೆ ಚಿತ್, ಆಟ ಮುಗಿಯಿತು. ಗರಡಿಯಲ್ಲಿ ಬೆಳೆದ ಪೈಲ್ವಾನ ಕೆಳಗೆ ಬಿದ್ದ ಕೂಡಲೇ ಬೋರಲಾಗಿ ಮಣ್ಣಿಗೆ ಅಂಟಿಕೊಳ್ಳುತ್ತಾನೆ, ಅವನಿಗೆ ಅದೇ ಸರಿ. ಜೂಡೊದವರೂ ಹೀಗೇ ಮುದುಡಿ ಕೂತು ರೆಫರಿ ಎಬ್ಬಿಸುವುದನ್ನು ಕಾಯುತ್ತಾರೆ. ಬಿಜೆಜೆಯಲ್ಲಿ ಬೆನ್ನ ಮೇಲೆ ಮಲಗಿ ಆಡುವುದೇ ಒಂದು ಕಲೆ, ಬೋರಲಾಗುವುದು ಅಪಾಯ. ಹಾಗಾಗಿ ಅಂಥ ಪೈಲ್ವಾನರು ಮೊದಮೊದಲು ಬೆನ್ನು ಕೊಡುತ್ತಲೇ ಇರುತ್ತಾರೆ. ಅವರ ಹಿಡಿತ, ಸಮತೋಲನ ಅದ್ಭುತ. ಈ ಒಂದು ಅಭ್ಯಾಸ ಬಿಡಿಸಿಕೊಂಡರೆ ಅವರನ್ನು ಹಿಡಿಯುವುದು ಬಹಳ ಕಷ್ಟ.

ಆ ತಿರುಗುವ ಕ್ಷಣ ಗುರುತಿಸುವುದೇ ಬ್ಯಾಕ್ ಟೇಕ್‌ನ ಮುಕ್ಕಾಲು ಭಾಗ. ಬ್ರೆಜಿಲ್‌ನ ಬಿಜೆಜೆ ಆಟಗಾರ ಮಾರ್ಸೆಲೊ ಗಾರ್ಸಿಯಾ ಅವರ ಹಳೆಯ ಪಂದ್ಯಗಳನ್ನು ಇದಕ್ಕಾಗಿಯೇ ನೋಡಬೇಕು. 2003ರಲ್ಲಿ ಸಾವೊ ಪಾಲೊದ ಎಡಿಸಿಸಿಗೆ ಅವರು ಇನ್ನೊಬ್ಬರ ಬದಲಿಗೆ ಬಂದವರು. ವಿಟೋರ್ ಶಾವೊಲಿನ್ ರಿಬೇರೊ ಅವರಂಥ ಹೆಸರಾಂತ ಆಟಗಾರನನ್ನು ಬೆನ್ನಿನಿಂದ ಚೋಕ್ ಮಾಡಿ, ತಮ್ಮ ತೂಕದ ವಿಭಾಗವನ್ನೇ ಗೆದ್ದುಬಿಟ್ಟರು. ಅವರ ಆರ್ಮ್ ಡ್ರ್ಯಾಗ್ ಪಟ್ಟು ಸರಳ, ಎದುರಾಳಿಯ ಕೈಯನ್ನು ಅಡ್ಡ ಎಳೆದು ಅವನ ಹಿಂದೆ ಸರಿಯುವುದು. ಕೈ ಎಳೆಯುವುದನ್ನು ಯಾರು ಬೇಕಾದರೂ ಒಂದು ಸಂಜೆಯಲ್ಲಿ ಕಲಿಯಬಹುದು. ಎಳೆದ ಮೇಲೆ ಎದುರಾಳಿ ಹಿಂದಕ್ಕೆ ಜಗ್ಗಿದರೂ ಮುಂದಕ್ಕೆ ನುಗ್ಗಿದರೂ ಅವರ ಎದೆ ಅವನ ಬೆನ್ನಿಗೆ ಅಂಟಿಯೇ ಇರುತ್ತದೆ, ನೋಡಬೇಕಾದದ್ದು ಅದನ್ನು. ಬೆರಿಂಬೋಲೊ ಕೂಡ ಕೊನೆಗೆ ತಲುಪುವುದು ಇದೇ ಜಾಗಕ್ಕೆ. ಬ್ರೆಜಿಲ್‌ನ ಬಿಜೆಜೆ ಆಟಗಾರರಾದ ಮೆಂಡೆಸ್ ಸಹೋದರರು ಅದನ್ನು ಅಷ್ಟು ಜನಪ್ರಿಯ ಮಾಡಿದ್ದರಲ್ಲಿ ಆಶ್ಚರ್ಯ ಇಲ್ಲ, ತಲೆಕೆಳಗಾಗಿ ಉರುಳಿ ಎದುರಾಳಿಯ ಹಿಂದೆ ಏಳುವುದು ನೋಡಲು ತುಂಬ ಚಂದ. ಆದರೆ ಅಲ್ಲಿಗೆ ತಲುಪಿದ ಮೇಲೆ ಉಳಿಯಲು ಬರದವನಿಗೆ ಅದರಿಂದ ಪ್ರಯೋಜನ ಕಡಿಮೆ. ವರ್ಷ ಕಳೆದ ಮೇಲೆ ಕಲಿತರೂ ನಷ್ಟ ಇಲ್ಲ.

ಎಷ್ಟೇ ಚೆನ್ನಾಗಿ ಹಿಡಿದರೂ ಬೆನ್ನು ಕೆಲವೊಮ್ಮೆ ಕೈತಪ್ಪುತ್ತದೆ. ಕೆಳಗಿನ ಹುಕ್ ಹೋಯಿತು, ಅವನ ಸೊಂಟ ನೆಲಕ್ಕೆ ಜಾರಿತು, ಭುಜವೂ ತಾಗುತ್ತಿದೆ. ಆಗ ಹಲ್ಲು ಕಚ್ಚಿ ಕತ್ತಿಗೆ ಜೋತುಬೀಳುವುದು ಎಲ್ಲರೂ ಮಾಡುವ ಕೆಲಸ, ಕೈ ಸೋತುಹೋಗುತ್ತದೆ, ಅವನು ತಿರುಗಿ ಮೇಲೆ ಬರುತ್ತಾನೆ. ಅದರ ಬದಲು ಸೀಟ್‌ಬೆಲ್ಟ್ ಇನ್ನೂ ಬಿಗಿ ಇರುವಾಗಲೇ ಮೇಲಿನ ಕಾಲನ್ನು ಅವನ ಹೊಟ್ಟೆ ದಾಟಿಸಿ ಆಚೆ ಊರಿ, ಮೊಣಕೈ ಮೇಲೆ ಎದ್ದು ಮೌಂಟ್‌ಗೆ ಬನ್ನಿ. ಅವನು ಮತ್ತೆ ಹೊರಳುತ್ತಾನೆ, ಬೆನ್ನು ಮತ್ತೆ ಸಿಗುತ್ತದೆ. ಮೌಂಟ್‌ನಿಂದ ಬೆನ್ನಿಗೆ, ಬೆನ್ನಿನಿಂದ ಮೌಂಟ್‌ಗೆ ಹೀಗೆ ಹೋಗಿ ಬರುವುದನ್ನೇ ಒಂದು ಇಡೀ ತರಗತಿ ಆಡಿ ನೋಡಿ, ಚೋಕ್ ಹಾಕದೆ.