ಆಕಸ್ಮಿಕ ಕ್ಯಾಮೆರಾ: ಖಾಲಿ ಗೋಡೆಯ ಮೇಲೂ ಒಂದು ಚಿತ್ರವಿದೆ

ಹಂಪಿಯ ವಿರೂಪಾಕ್ಷ ದೇವಾಲಯಕ್ಕೆ ಹೋದವರು ಗರ್ಭಗುಡಿಯ ಹಿಂಬದಿಯ ಕತ್ತಲ ಕೋಣೆಯನ್ನು ಇಣುಕದೆ ಬರುವುದು ಕಡಿಮೆ. ಪೂರ್ವದ ರಾಜಗೋಪುರ ಅಲ್ಲಿನ ಗೋಡೆಯ ಮೇಲೆ ತಲೆಕೆಳಗಾಗಿ ಮೂಡಿರುತ್ತದೆ. ನೆರಳೆಂದೇ ಎಲ್ಲರೂ ತೋರಿಸುತ್ತಾರಾದರೂ ಅದು ಸಣ್ಣ ಕಿಂಡಿಯಿಂದ ತೂರಿ ಬಂದ ಬೆಳಕು. ಗೋಪುರದ ತುದಿಯಿಂದ ಹೊರಟ ಕಿರಣ ಕಿಂಡಿಯನ್ನು ದಾಟಿ ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ. ಶಾಲೆಯಲ್ಲಿ ರಟ್ಟಿನ ಡಬ್ಬಿಯಿಂದ ಮಾಡಿದ ಸೂಜಿರಂಧ್ರ ಕ್ಯಾಮೆರಾದ ತತ್ವವೇ ಇದು.

ಕ್ಯಾಮೆರಾ ಆಗಬೇಕೆಂಬ ಉದ್ದೇಶವಿಲ್ಲದ ಕಿಟಕಿ, ಬಾಗಿಲು, ಗೋಡೆಯ ಅಂಚು, ದಾರಿಗಡ್ಡ ನಿಂತ ಮನುಷ್ಯ ಕೂಡ ಹೀಗೆ ಚಿತ್ರ ಮೂಡಿಸುವುದುಂಟು. ಅದಕ್ಕೆ ಸಂಶೋಧಕರು ಇಟ್ಟ ಹೆಸರು ‘ಆಕಸ್ಮಿಕ ಕ್ಯಾಮೆರಾ’. ಅಮೆರಿಕದ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿಯ ಆಂಟೋನಿಯೊ ಟೊರಾಲ್ಬಾ ಮತ್ತು ವಿಲಿಯಂ ಫ್ರೀಮನ್ 2012ರಲ್ಲಿ ಪ್ರಕಟಿಸಿದ ಪ್ರಬಂಧದಿಂದ ಈ ಮಾತು ಬಳಕೆಗೆ ಬಂತು. ಸ್ಪೇನ್‌ನ ಹೋಟೆಲೊಂದರ ಕೋಣೆಯಲ್ಲಿ ಟೊರಾಲ್ಬಾ ಅವರಿಗೆ ಗೋಡೆಯ ಮೇಲೆ ಯಾವ ವಸ್ತುವಿನದೆಂದು ತಿಳಿಯದ ನೆರಳುಗಳು ಕಂಡವು. ನೋಡಿದರೆ, ಕಿಟಕಿಯೇ ಕಿಂಡಿಯಾಗಿ, ಹೊರಗಿನ ಅಂಗಳ ಮಸುಕಾಗಿ, ತಲೆಕೆಳಗಾಗಿ ಒಳಗೆ ಬಿದ್ದಿತ್ತು.

ಹಾಗಾದರೆ ಎಲ್ಲ ಗೋಡೆಗಳ ಮೇಲೂ ಚಿತ್ರ ಏಕೆ ಕಾಣುವುದಿಲ್ಲ? ಗೋಡೆಯ ಪ್ರತಿ ಚುಕ್ಕೆಗೂ ಎದುರಿನ ಎಲ್ಲದರಿಂದಲೂ ಬೆಳಕು ಬರುತ್ತಿರುತ್ತದೆ: ಆಕಾಶದಿಂದ, ಮರದಿಂದ, ಹಾದುಹೋಗುವವನ ಅಂಗಿಯಿಂದ. ಸಂತೆಯಲ್ಲಿ ನೂರು ಜನ ಒಟ್ಟಿಗೆ ಕೂಗಿದರೆ ಯಾರ ಮಾತೂ ತಿಳಿಯದಂತೆ, ಇದೆಲ್ಲ ಬೆರೆತು ಗೋಡೆ ಬರಿಯ ಬಿಳಿಯಾಗಿ ಕಾಣುತ್ತದೆ. ಮಾಹಿತಿ ಇದೆ, ಬಿಡಿಸಿಕೊಳ್ಳಲು ಬರುವುದಿಲ್ಲ. ಬಿಡಿಸಿಕೊಡುವುದು ಒಂದು ಅಡ್ಡಿ. ನೋಟಕ್ಕೆ ತಡೆ ಎಂದು ನಾವು ಬೈದುಕೊಳ್ಳುವ ವಸ್ತುವೇ ಇಲ್ಲಿ ಮಸೂರದ ಕೆಲಸ ಮಾಡುತ್ತದೆ. ನನಗಂತೂ ಈ ಇಡೀ ವಿಷಯದ ಸೊಗಸೆಲ್ಲ ಇದರಲ್ಲೇ ಇದೆ ಅನ್ನಿಸುತ್ತದೆ.

ಕಿಂಡಿಯ ಬದಲು ಅದರ ತದ್ವಿರುದ್ಧವೂ ಸಾಕು. ಕಿಟಕಿಯ ಬೆಳಕು ಬಿದ್ದ ಗೋಡೆಯ ಫೋಟೊ ಒಂದನ್ನು ತೆಗೆಯಿರಿ. ಆಮೇಲೆ ಒಬ್ಬರು ಕಿಟಕಿಯ ಬಳಿ ನಿಂತಾಗ ಮತ್ತೊಂದು. ಮೊದಲನೆಯದರಿಂದ ಎರಡನೆಯದನ್ನು ಕಳೆದರೆ ಉಳಿಯುವುದು ಆ ವ್ಯಕ್ತಿ ತಡೆದ ಬೆಳಕು ಮಾತ್ರ. ಅಂದರೆ ಅವರ ಮೈಯಷ್ಟೇ ಅಗಲದ ಕಿಂಡಿಯೊಂದು ಇದ್ದಿದ್ದರೆ ಗೋಡೆಯ ಮೇಲೆ ಬೀಳುತ್ತಿದ್ದ ಚಿತ್ರ. ಅಡ್ಡ ಬಂದ ವಸ್ತು ಚಿಕ್ಕದಾದಷ್ಟೂ ಚಿತ್ರ ಸ್ಪಷ್ಟ, ಆದರೆ ಅಷ್ಟೇ ಕ್ಷೀಣ. ಆಡಂ ಕೋಹೆನ್ ಎಂಬವರು ಈ ವಿಚಾರವನ್ನು 1982ರಲ್ಲೇ ಬರೆದಿದ್ದರು.

2017ರಲ್ಲಿ ಕೇಟಿ ಬೌಮನ್ ಮತ್ತು ಸಂಗಡಿಗರು ಗೋಡೆಯ ಮೂಲೆಯನ್ನೇ ಕ್ಯಾಮೆರಾ ಮಾಡಿದರು. (2019ರಲ್ಲಿ ಕಪ್ಪುಕುಳಿಯ ಮೊದಲ ಚಿತ್ರ ಬಂದಾಗ ಸುದ್ದಿಯಾದ ಬೌಮನ್ ಇವರೇ.) ಮೊಗಸಾಲೆಯೊಂದು ಬಲಕ್ಕೆ ತಿರುಗುತ್ತದೆ ಎನ್ನಿ. ತಿರುವಿನಾಚೆ ಯಾರಿದ್ದಾರೋ ನಿಮಗೆ ಕಾಣದು. ಆದರೆ ಮೂಲೆಯ ಬುಡದ ನೆಲಕ್ಕೆ ಅವರು ಅಷ್ಟಿಷ್ಟು ‘ಕಾಣುತ್ತಾರೆ’. ನಿಮ್ಮ ಕಡೆಯ ಗೋಡೆಗೆ ತಾಗಿದ ನೆಲದ ಚುಕ್ಕೆಗೆ ಆಚೆಯ ಬೆಳಕು ಹೆಚ್ಚುಕಡಿಮೆ ತಲುಪುವುದೇ ಇಲ್ಲ. ಅಲ್ಲಿಂದ ಮೂಲೆಯ ಸುತ್ತ ಬೀಸಣಿಗೆ ಬಿಚ್ಚಿದ ಹಾಗೆ ಸರಿಯುತ್ತ ಹೋದರೆ, ಪ್ರತಿ ಹೆಜ್ಜೆಗೂ ಆಚೆಯ ನೋಟದ ಒಂದೊಂದು ಸೀಳು ಹೆಚ್ಚುತ್ತದೆ. ಅಕ್ಕಪಕ್ಕದ ಎರಡು ಚುಕ್ಕೆಗಳ ಬೆಳಕಿನ ವ್ಯತ್ಯಾಸವೆಂದರೆ ಆ ಒಂದು ಸೀಳಿನಿಂದ ಬಂದ ಬೆಳಕು. ಆಚೆ ಕೆಂಪಂಗಿಯವನು ನಡೆದರೆ, ನೆಲದ ಅರೆನೆರಳಿನಲ್ಲಿ ಕಣ್ಣಿಗೆ ನಿಲುಕದಷ್ಟು ತೆಳುವಾದ ಕೆಂಪು ಛಾಯೆ ಅವನ ಜೊತೆಯೇ ಸರಿಯುತ್ತದೆ. ಬದಲಾವಣೆ ಸಾವಿರದಲ್ಲಿ ಒಂದು ಪಾಲಿನ ಆಸುಪಾಸು. ವಿಡಿಯೊದ ಸರಾಸರಿ ಚೌಕಟ್ಟನ್ನು ಪ್ರತಿ ಚೌಕಟ್ಟಿನಿಂದ ಕಳೆದು, ಸಾವಿರಾರು ಪಿಕ್ಸೆಲ್‌ಗಳನ್ನು ಒಟ್ಟುಗೂಡಿಸಿದಾಗ ಅದು ಮೇಲೆದ್ದು ಬರುತ್ತದೆ. ಮಳೆ ಹನಿದು ನೆಲದ ಬಣ್ಣವೇ ಬದಲಾಗುತ್ತಿದ್ದಾಗಲೂ ವಿಧಾನ ಕೈಕೊಡದೆ ಇದ್ದದ್ದು ಬೌಮನ್ ಅವರಿಗೇ ಅಚ್ಚರಿ ತಂದಿತ್ತು.

ಸಿಗುವುದು ಮುಖವಲ್ಲ. ಎಷ್ಟು ಜನ, ಯಾವ ದಿಕ್ಕಿಗೆ, ಯಾವ ಬಣ್ಣ: ಇಷ್ಟನ್ನು ಹೇಳುವ ಬಣ್ಣದ ಗೆರೆಗಳು, ಅಷ್ಟೇ. ಎಷ್ಟು ದೂರ ಎಂದು ತಿಳಿಯಲು ಬಾಗಿಲಿನಂತೆ ಎರಡು ಅಂಚುಗಳು ಬೇಕು.

ಬಾಸ್ಟನ್ ವಿಶ್ವವಿದ್ಯಾಲಯದ ವಿವೇಕ್ ಗೋಯಲ್ ತಂಡ 2019ರಲ್ಲಿ ಒಂದು ಹೆಜ್ಜೆ ಮುಂದೆ ಹೋಯಿತು. ಮರೆಯಲ್ಲಿಟ್ಟ ಪರದೆಯೊಂದರ ಬೆಳಕು ಬಿಳಿ ಗೋಡೆಯ ಮೇಲೆ ಬೀಳುತ್ತಿತ್ತು. ನಡುವೆ ಒಂದು ಅಡ್ಡವಸ್ತು. ಸಾಮಾನ್ಯ ಡಿಜಿಟಲ್ ಕ್ಯಾಮೆರಾದಲ್ಲಿ ಗೋಡೆಯ ಒಂದೇ ಫೋಟೊ ತೆಗೆದು, ಪರದೆಯ ಬಣ್ಣದ ಚಿತ್ರವನ್ನು ಲೆಕ್ಕದಿಂದ ಮರಳಿ ಕಟ್ಟಿದರು. ಅಡ್ಡವಸ್ತು ನಿಖರವಾಗಿ ಎಲ್ಲಿದೆ ಎಂಬುದನ್ನೂ ಆ ಫೋಟೊವೇ ಹೇಳಿತು.

ಲೇಸರ್‌ನದು ಬೇರೆಯೇ ದಾರಿ. ಬೆಳಕಿನ ಅತಿ ಕಿರು ಮಿಡಿತವೊಂದನ್ನು ಗೋಡೆಗೆ ಚಿಮ್ಮಿಸಿ, ಅದು ಮರೆಯ ವಸ್ತುವನ್ನು ಮುಟ್ಟಿ ಮರಳಲು ಹಿಡಿದ ಸಮಯವನ್ನು ಅಳೆಯುವುದು. ಎಂಐಟಿಯಲ್ಲಿ ಆಂಡ್ರಿಯಾಸ್ ವೆಲ್ಟನ್, ರಮೇಶ್ ರಾಸ್ಕರ್ ಮತ್ತಿತರರು 2012ರಲ್ಲಿ ಇದನ್ನು ಮಾಡಿ ತೋರಿಸಿದರು. ಆಕಾರ ಮೂರೂ ಆಯಾಮಗಳಲ್ಲಿ ಸಿಗುತ್ತದೆ. ಆದರೆ ಇಲ್ಲಿ ಬೆಳಕನ್ನು ನಾವೇ ಕಳುಹಿಸುತ್ತೇವೆ. ಆಕಸ್ಮಿಕ ಕ್ಯಾಮೆರಾ ಇದ್ದ ಬೆಳಕಿನಲ್ಲೇ ಸುಧಾರಿಸಿಕೊಳ್ಳುತ್ತದೆ. ನನಗೆ ಎರಡನೆಯದೇ ಹೆಚ್ಚು ಚತುರವೆನಿಸುತ್ತದೆ, ಹೆಚ್ಚು ಆತಂಕಕಾರಿಯೂ ಹೌದು. ಲೇಸರ್ ತಾಗಿದ್ದನ್ನು ಉಪಕರಣದಿಂದ ಪತ್ತೆ ಮಾಡಬಹುದು. ಗೋಡೆಯ ಕಡೆ ಮೊಬೈಲ್ ಹಿಡಿದವನ ಮೇಲೆ ಯಾರಿಗೂ ಅನುಮಾನ ಬಾರದು. ಈ ಬಗೆಯ ಸಂಶೋಧನೆಗೆ ಅಮೆರಿಕದ ರಕ್ಷಣಾ ಸಂಸ್ಥೆ ಡಾರ್ಪಾ ಹಣ ಕೊಟ್ಟಿದ್ದು ಸುಮ್ಮನೆ ಅಲ್ಲ.

ಸದ್ಯಕ್ಕೆ ನೇರ ಉಪಯೋಗ ಕಾಣುವುದು ವಾಹನಗಳಲ್ಲಿ. 2019ರಲ್ಲಿ ಎಂಐಟಿಯವರು ಪಾರ್ಕಿಂಗ್ ಕಟ್ಟಡದೊಳಗೆ ಚಾಲಕರಹಿತ ಕಾರಿನ ಪರೀಕ್ಷೆ ನಡೆಸಿದಾಗ, ತಿರುವಿನಾಚೆಯಿಂದ ಬರುವ ಕಾರನ್ನು ನೆಲದ ನೆರಳಿನ ಬದಲಾವಣೆಯಿಂದಲೇ ಅದು ಗುರುತಿಸಿತು. ಲೇಸರ್ ಬೆಳಕಿನಿಂದ ದೂರ ಅಳೆಯುವ, ಎದುರಿಗೆ ಬಂದದ್ದನ್ನಷ್ಟೇ ಕಾಣಬಲ್ಲ ಲೈಡಾರ್ ಉಪಕರಣಕ್ಕಿಂತ ಅರ್ಧ ಸೆಕೆಂಡಿಗೂ ಹೆಚ್ಚು ಮೊದಲು. ಪರೀಕ್ಷೆಯ ವೇಳೆ ಹೆಡ್‌ಲೈಟ್ ಆರಿಸಲಾಗಿತ್ತು, ಕಟ್ಟಡದೊಳಗಿನ ದೀಪಗಳು ಒಂದೇ ಸಮನೆ ಉರಿಯುತ್ತಿದ್ದವು. ಮೋಡ ಸರಿದಂತೆಲ್ಲ ಬೆಳಕು ಬದಲಾಗುವ ಬಯಲಿನ ರಸ್ತೆ ಇನ್ನೂ ಕಠಿಣ ಪರೀಕ್ಷೆ.