ಎಕ್ಸ್‌ರೇಯಲ್ಲಿ ಏನೂ ಕಾಣಲಿಲ್ಲ, ನಾಯಿ ಮಾತ್ರ ಕುಂಟುತ್ತಿತ್ತು

ನಮ್ಮ ಲ್ಯಾಬ್ರಡಾರ್‌ಗೆ ಆಗ ಏಳು ತಿಂಗಳು. ಬೆಳಿಗ್ಗೆ ಎದ್ದ ಕೂಡಲೇ ಮುಂಗಾಲು ಕುಂಟುತ್ತಿತ್ತು, ಕುವೆಂಪುನಗರದ ಎರಡು ರಸ್ತೆ ಸುತ್ತುವಷ್ಟರಲ್ಲಿ ಸರಿಹೋಗುತ್ತಿತ್ತು, ಹಾಗಾಗಿ ಉಳುಕಿರಬೇಕು ಅಂದುಕೊಂಡು ಸುಮ್ನಾದೆವು. ಯಾರೋ ಹೇಳಿದರು ಅಂತ ಕ್ಯಾಲ್ಸಿಯಂ ಸಿರಪ್ ಬೇರೆ ಜಾಸ್ತಿ ಕುಡಿಸಿದೆವು. ಅದು ದೊಡ್ಡ ತಪ್ಪು. ದೊಡ್ಡ ತಳಿಯ ಮರಿಗಳಿಗೆ ಕ್ಯಾಲ್ಸಿಯಂ ಅತಿಯಾದರೆ ಮೂಳೆ ಬೆಳೆಯುವ ಕ್ರಮವೇ ಕೆಡುತ್ತದೆ. ಕೊನೆಗೆ ಎಕ್ಸ್‌ರೇ ತೆಗೆಸಿದರೆ ಏನೂ ಇಲ್ಲ ಅಂದರು. ಇಂಥ ಕಡೆ ಶಬ್ದದ ಅಲೆಯಿಂದ ಮೈಯೊಳಗೆ ನೋಡುವ ಅಲ್ಟ್ರಾಸೌಂಡ್ ಏನು ತೋರಿಸಬಲ್ಲದು ಅನ್ನುವುದೇ ಈ ಬರಹ.

ಯಾಕೆ ಕಾಣಲಿಲ್ಲ ಅಂತ ತಿಳಿಯಲು ನಾಯಿಯ ಮೊಣಕೈ ನೋಡಬೇಕು. ಅದು ಮುಂಗಾಲಿನ ಮೇಲ್ಭಾಗದಲ್ಲಿ, ಎದೆಯ ಪಕ್ಕಕ್ಕೇ ಇರುತ್ತದೆ. ಮೂರು ಮೂಳೆ ಅಲ್ಲಿ ಕೂಡುತ್ತವೆ. ಒಂದು ಮೂಳೆ ಸ್ವಲ್ಪ ಹೆಚ್ಚು ಕಡಿಮೆ ಬೆಳೆದರೂ ಒಳಬದಿಯ ಒಂದು ಪುಟ್ಟ ಮೂಳೆ ತುದಿಯ ಮೇಲೆ ಹೆಚ್ಚು ಭಾರ ಬೀಳಬಹುದು, ಆ ತುದಿ ಬಿರುಕು ಬಿಡಬಹುದು, ಚೂರಾಗಬಹುದು. ಎಕ್ಸ್‌ರೇಯಲ್ಲಿ ಈ ತುದಿಯ ಮೇಲೆ ಪಕ್ಕದ ಮೂಳೆಯ ನೆರಳು ಬೀಳುವುದರಿಂದ ಎಷ್ಟೋ ಸಲ ಅದು ಮುಚ್ಚಿಹೋಗುತ್ತದೆ.

ಈ ಕಾಯಿಲೆಯನ್ನು 1970ರ ದಶಕದಲ್ಲಿ ಸ್ವೀಡನ್ನಿನ ಪಶುವೈದ್ಯ ಓಲ್ಸನ್ ವಿವರಿಸಿದರು. 1989ರಲ್ಲಿ ನಾಯಿಗಳ ಮೊಣಕೈ ಕಾಯಿಲೆಗಳಿಗೆಂದೇ ಇಂಟರ್‌ನ್ಯಾಷನಲ್ ಎಲ್ಬೋ ವರ್ಕಿಂಗ್ ಗ್ರೂಪ್ ಎಂಬ ತಜ್ಞರ ತಂಡ ಶುರುವಾಯಿತು. ಆಮೇಲೆ ನಾಯಿಯ ಮೊಣಕೈ ನೋಡಲು ಸಿಟಿ ಸ್ಕ್ಯಾನ್ ಬಂತು, ಕೀಲಿನೊಳಗೆ ಕ್ಯಾಮೆರಾ ಇಳಿಸುವ ಆರ್ತ್ರೋಸ್ಕೋಪಿ ಬಂತು. ಎರಡೂ ಚೆನ್ನಾಗಿ ತೋರಿಸುತ್ತವೆ, ಆದರೆ ನಾಯಿ ಅಲುಗಾಡಬಾರದಲ್ವಾ, ಆರ್ತ್ರೋಸ್ಕೋಪಿಗೆ ಪೂರ್ತಿ ಅರಿವಳಿಕೆಯೇ ಬೇಕು, ಸಿಟಿಗೂ ಸಾಮಾನ್ಯವಾಗಿ ಮಂಪರು ಬರಿಸಬೇಕು.

ಅಲ್ಟ್ರಾಸೌಂಡ್ ಬಂದದ್ದು ಬೇರೆ ದಾರಿಯಲ್ಲಿ. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಲೋಹದೊಳಗಿನ ಬಿರುಕು ಹುಡುಕುವ ಯಂತ್ರವನ್ನು ಮನುಷ್ಯರ ಹೊಟ್ಟೆಯ ಮೇಲೆ ಬಳಸಿ, 1958ರಲ್ಲಿ ಅದರ ಬಗ್ಗೆ ಬರೆದರು. 1966ರ ಹೊತ್ತಿಗೆ ಕುರಿಗಳ ಗರ್ಭ ಪತ್ತೆಗೂ ಇದು ಬಂದಿತ್ತು. ಕಾಲಿನ ವಿಷಯದಲ್ಲಿ ಮೊದಲು ಪಳಗಿದವರು ಕುದುರೆ ವೈದ್ಯರು. ಚಾಮುಂಡಿ ಬೆಟ್ಟದ ಕೆಳಗೆ ರೇಸ್‌ಕೋರ್ಸ್ ಇರುವ ಊರಿನವರಿಗೆ ಇದು ಅರ್ಥವಾಗುತ್ತದೆ: ಓಡುವ ಕುದುರೆಯ ಸ್ನಾಯುರಜ್ಜು, ಅಂದರೆ ಸ್ನಾಯುವನ್ನು ಮೂಳೆಗೆ ಕಟ್ಟುವ ಹಗ್ಗದಂಥ ಭಾಗ, ಹರಿದರೆ ಎಕ್ಸ್‌ರೇ ತೋರಿಸುವುದಿಲ್ಲ, ಅಲ್ಟ್ರಾಸೌಂಡ್ ತೋರಿಸುತ್ತದೆ. ನಾಯಿಯ ಮೊಣಕೈ ಸ್ಕ್ಯಾನಿಂಗ್ ಬಗ್ಗೆ ವಿವರವಾದ ಕೆಲಸ ನಡೆದದ್ದು 2000ದ ನಂತರ.

ಅಲ್ಟ್ರಾಸೌಂಡ್ ಎಲ್ಲವನ್ನೂ ತೋರಿಸುತ್ತದೆ ಅಂತಲ್ಲ. ಶಬ್ದದ ಅಲೆ ಮೂಳೆಗೆ ತಾಗಿದ ತಕ್ಷಣ ವಾಪಸ್ ಬರುತ್ತದೆ, ಹಾಗಾಗಿ ಮೂಳೆಯ ಒಳಗೆ ಏನಾಗಿದೆ ಅಂತ ಗೊತ್ತಾಗುವುದಿಲ್ಲ. ಆದರೆ ಕೀಲಿನಲ್ಲಿ ನೀರು ತುಂಬಿದ್ದರೆ ಕಪ್ಪಾಗಿ ಕಾಣುತ್ತದೆ, ಮೂಳೆಯಂಚು ಒರಟಾಗಿದ್ದರೆ ಕಾಣುತ್ತದೆ, ಬೈಸೆಪ್ಸ್ ಎಂಬ ತೋಳಿನ ಸ್ನಾಯುವಿನ ರಜ್ಜು ಅಂಟುವ ಜಾಗ ಕಾಣುತ್ತದೆ. ಕೀಲಿಗೆ ಸೂಜಿ ಹಾಕುವಾಗ ಎಲ್ಲಿ ಹೋಗುತ್ತಿದೆ ಅಂತಲೂ ನೋಡುತ್ತಲೇ ಹಾಕಬಹುದು. ಶಾಂತವಾಗಿರುವ ನಾಯಿಯಾದರೆ ಕೂದಲು ಬೋಳಿಸಿ ಜೆಲ್ ಹಚ್ಚಿದರೆ ಸಾಕು, ಅರಿವಳಿಕೆ ಬೇಕಾಗುವುದಿಲ್ಲ. ನನಗೆ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ಸಿಟಿಗೆ ಬೆಂಗಳೂರಿಗೆ ಕರೆದೊಯ್ಯುವ ಮೊದಲು, ಕೀಲಿನಲ್ಲಿ ನಿಜವಾಗಿ ಊತ ಇದೆಯಾ ಅಂತ ಇಲ್ಲೇ ನೋಡಬಹುದು.

ಒಂದು ಮಾತು. ಪ್ರೋಬ್ ಅಂದರೆ ಮೈಮೇಲೆ ಆಡಿಸುವ ಸ್ಕ್ಯಾನಿಂಗ್ ಹಿಡಿ; ಹೊಟ್ಟೆ ನೋಡುವ ಬಾಗಿದ ಪ್ರೋಬ್‌ನಿಂದ ಮೊಣಕೈ ಸರಿಯಾಗಿ ಕಾಣುವುದಿಲ್ಲ. 10 ಮೆಗಾಹರ್ಟ್ಜ್‌ಗಿಂತ ಹೆಚ್ಚಿನ ಲೀನಿಯರ್ (ನೇರ ಮುಖದ) ಪ್ರೋಬ್ ಬೇಕು, ಕೀಲು ನೋಡಿ ಪಳಗಿದ ಕೈ ಬೇಕು. ಫೋನ್ ಮಾಡಿದಾಗಲೇ ಇವೆರಡನ್ನೂ ಕೇಳಿಬಿಡಿ, ಮತ್ತೆ ಎರಡೂ ಮುಂಗಾಲು ನೋಡಿ ಅನ್ನಿ, ಯಾಕೆಂದರೆ ಈ ಕಾಯಿಲೆ ಎಷ್ಟೋ ಸಲ ಎರಡೂ ಕಡೆ ಇರುತ್ತದೆ, ನಾಯಿ ಕುಂಟುವುದು ಮಾತ್ರ ಜಾಸ್ತಿ ನೋಯುವ ಕಾಲಿನಲ್ಲಿ.